ಕಯಾಕ್ ಉಂಟು, ಜಾಗ ಇಲ್ಲ: ಫ್ಲ್ಯಾಟ್‌ನಲ್ಲಿ ದೋಣಿ ಇಡುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಅಪಾರ್ಟ್‌ಮೆಂಟಲ್ಲಿ ಇರುವವರು, ಕಯಾಕ್ (ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಸಪೂರ ದೋಣಿ) ಹುಚ್ಚು ಹಿಡಿದವರು, ಇಡ್ಲಿಕ್ಕೆ ಜಾಗ ಇಲ್ಲದವರು. ನಾನು ಕೂಡ ಹಲವು ವರ್ಷದಿಂದ ಫ್ಲ್ಯಾಟಲ್ಲೇ ಇದ್ದು ದೋಣಿ ಇಟ್ಟುಕೊಂಡವನು, ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಈ ನಾಲ್ಕಕ್ಕೇ ಸ್ವಲ್ಪ ಉದ್ದ ಉತ್ತರ ಬರೀತಾ ಇದ್ದೇನೆ.

ಪ್ರಶ್ನೆ: ನಮ್ಮದು ಮಂಗಳೂರಲ್ಲಿ 4ನೇ ಮಾಳಿಗೆಯಲ್ಲಿ 2 ಬಿಎಚ್‌ಕೆ ಫ್ಲ್ಯಾಟ್. ಎರಡು ವರ್ಷದಿಂದ ನಾನು ಮತ್ತೆ ನಮ್ಮ ಮನೆಯವರು ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಬಾಡಿಗೆ ಕಯಾಕಲ್ಲಿ ಹೋಗ್ತಾ ಇದ್ದೇವೆ, ಈಗ ಒಬ್ರು ಪರಿಚಯದವರು ಊರು ಬಿಡ್ತಾರೆ ಅಂತ ಅವರ ಪ್ಲಾಸ್ಟಿಕ್ ಕಯಾಕ್ ಕಮ್ಮಿಗೆ ಕೊಡ್ತೇನೆ ಹೇಳ್ತಾರೆ. 10 ಅಡಿ ಉದ್ದ, ಎರಡೂವರೆ ಅಡಿ ಅಗಲ, 22 ಕೆಜಿ. ಬಾಲ್ಕನಿ 9 ಅಡಿ ಉಂಟು. ಕಾರಿಡಾರಲ್ಲಿ ಗೋಡೆಗೆ ಒರಗಿಸಿ ಇಡ್ತೇವೆ ಅಂತ ಕೇಳಿದ್ರೆ ಸೆಕ್ರೆಟರಿ ಆಗುದಿಲ್ಲ ಹೇಳಿದ್ರು. ಅತ್ತೆಯವರಿಗೆ ಮಳೆಗಾಲದಲ್ಲಿ ಅದು ಹಾಳಾಗಿ ಹೋಗ್ತದೆ ಅಂತ ಚಿಂತೆ. ತಗೊಳ್ಳುದಾ ಬೇಡ್ವಾ?

ಉತ್ತರ: ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ವಯರಿಂಗ್‌ನ ಪಿವಿಸಿ ಪೈಪ್ ಸಿಗ್ತದಲ್ಲ, ಅದು 10 ಅಡಿದ್ದೇ ಬರುದು, ಒಂದು ತಗೊಳ್ಳಿ. ಅದರ ನಡುವಿಗೆ ಎರಡೂವರೆ ಅಡಿಯ ಒಂದು ಕೋಲು ಅಡ್ಡ ಕಟ್ಟಿ. ಈಗ ಅದೇ ನಿಮ್ಮ ಕಯಾಕ್ ಅಂತ ಲೆಕ್ಕ. ಅದನ್ನು ಹಿಡ್ಕೊಂಡು ಪಾರ್ಕಿಂಗಿಂದ ಮನೆ ಒಳಗೆ ತನಕ ಒಮ್ಮೆ ಹೋಗಿ ಬನ್ನಿ, ಮೆಟ್ಟಿಲಲ್ಲಿ ತಿರುಗುವಾಗ ಎಲ್ಲಿ ಸಿಕ್ಕಿ ಬೀಳ್ತದೆ, ಬಾಗಿಲಲ್ಲಿ ಯಾವ ಕೋನಕ್ಕೆ ಓರೆ ಮಾಡ್ಬೇಕಾಗ್ತದೆ, ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡ್ ತಾಗ್ತದಾ ಎಲ್ಲ ಹತ್ತು ನಿಮಿಷದಲ್ಲಿ ಗೊತ್ತಾಗ್ತದೆ. ನನ್ನ ಹತ್ರ ಸಲಹೆ ಕೇಳಿದವರಿಗೆಲ್ಲ ನಾನು ಮೊದಲು ಹೇಳುದು ಇದನ್ನೇ.

ಲಿಫ್ಟಿನ ಆಸೆ ಬಿಟ್ಟುಬಿಡಿ. ಸಾಮಾನ್ಯ 8 ಜನರ ಲಿಫ್ಟ್ ಒಳಗೆ ಸುಮಾರು 1.3 ಮೀಟರ್ ಅಗಲ, 1.1 ಮೀಟರ್ ಆಳ, 2.1 ಮೀಟರ್ ಎತ್ತರ ಇರ್ತದೆ. ಕೆಳಗಿನ ಮೂಲೆಯಿಂದ ಮೇಲಿನ ಎದುರು ಮೂಲೆಗೆ ಓರೆಯಾಗಿ ಅಳೆದ್ರೂ 2.7 ಮೀಟರ್ ಸಿಗುದು, ನಿಮ್ಮ ಕಯಾಕ್ 3.05 ಮೀಟರ್. ಸ್ಟ್ರೆಚರ್ ಹಿಡಿಸುವ ದೊಡ್ಡ ಲಿಫ್ಟ್ ಇದ್ದರೆ ಮಾತ್ರ ಪೈಪ್ ಹಿಡ್ಕೊಂಡು ಒಮ್ಮೆ ಪ್ರಯತ್ನ ಮಾಡಬಹುದು. ಇನ್ನು 9 ಅಡಿ ಬಾಲ್ಕನಿಗೆ 10 ಅಡಿ ದೋಣಿ ಹೇಗೂ ಕೂತ್ಕೊಳ್ಳುದಿಲ್ಲ, ನೆಟ್ಟಗೆ ನಿಲ್ಲಿಸುವ ಅಂದ್ರೆ ನಮ್ಮ ಫ್ಲ್ಯಾಟ್‌ಗಳ ಸೀಲಿಂಗ್ ಒಂಬತ್ತೂವರೆ, ಹೆಚ್ಚಂದ್ರೆ 10 ಅಡಿ, ಅದೂ ಆಗುದಿಲ್ಲ. ಒಂದು ವೇಳೆ ಹಿಡಿಸಿದ್ರೂ 22 ಕೆಜಿ ಹೊತ್ತು ನಾಲ್ಕು ಮಾಳಿಗೆ ಹತ್ತಿ ಇಳಿಯುದು ಮೊದಲ ತಿಂಗಳು ಖುಷಿ, ಆಮೇಲೆ ಆದಿತ್ಯವಾರ ಬೆಳಿಗ್ಗೆ ಎದ್ದಾಗ ಆ ಮೆಟ್ಟಿಲೇ ಕಣ್ಣೆದುರು ಬರ್ತದೆ, ಹೊಳೆಗೆ ಹೋಗುದೇ ನಿಂತುಹೋಗ್ತದೆ. ಒಬ್ಬರೇ ತೆಗೆದು ಹದಿನೈದು ನಿಮಿಷದೊಳಗೆ ಕಾರಿನ ಮೇಲೆ ಕಟ್ಲಿಕ್ಕೆ ಆಗುವ ಜಾಗದಲ್ಲಿ ದೋಣಿ ಇದ್ದರೆ ಮಾತ್ರ ಅದು ನೀರು ನೋಡ್ತದೆ, ಇದು ನನ್ನ ಸ್ವಂತ ಅನುಭವ.

ಸೆಕ್ರೆಟರಿ ಹೇಳಿದ್ದು ಸರಿ. ಕಾರಿಡಾರ್, ಮೆಟ್ಟಿಲಿನ ಲ್ಯಾಂಡಿಂಗ್ ಎಲ್ಲ ಬೆಂಕಿ ಬಿದ್ದರೆ ಜನ ಓಡುವ ದಾರಿ, ಕರೆಂಟ್ ಹೋಗಿ ಹೊಗೆ ತುಂಬಿದ ಹೊತ್ತಲ್ಲಿ ಅಲ್ಲಿ 10 ಅಡಿ ದೋಣಿ ಇರ್ಲೇಬಾರ್ದು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾನೂನಿನಲ್ಲೂ ಕಾಮನ್ ಏರಿಯಾ ಎಲ್ಲರದ್ದು, ಇನ್ನೊಬ್ಬರಿಗೆ ಅಡ್ಡಿ ಆಗದ ಹಾಗೆ ಬಳಸ್ಬೇಕು ಅಂತಲೇ ಇರುದು. ಹಾಗಾಗಿ ಅವರ ಹತ್ರ ಜಗಳ ಬೇಡ, ಯಾಕಂದ್ರೆ ನಿಮಗೆ ಅವರ ಸಹಾಯ ಬೇಕಾಗ್ತದೆ.

ಜಾಗ ಇರುದು ಪಾರ್ಕಿಂಗಲ್ಲಿ. ಒಂದು ಕಾರಿನ ಸ್ಲಾಟ್ ಸುಮಾರು ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ. ಕಾರಿನ ಮುಂದಿನ ಗೋಡೆಗೆ ಅಡ್ಡಕ್ಕೆ ಇಡುವ ಅಂತ ಎಲ್ಲರಿಗೂ ಮೊದಲು ಹೊಳೆಯುದು, ಆದರೆ ಅಗಲ ಎರಡೂವರೆ, ದೋಣಿ ಮೂರು ಚಿಲ್ಲರೆ, ಪಕ್ಕದವರ ಸ್ಲಾಟಿಗೆ ಮೂಗು ತೂರಿಸ್ತದೆ. ಉದ್ದಕ್ಕೆ ಇಟ್ಟರೆ ಸರಿ ಆಗ್ತದೆ. ನಿಮ್ಮ ಸ್ಲಾಟಿನ ಒಂದು ಬದಿಗೆ ಗೋಡೆಯೋ ಸಾಲು ಕಂಬವೋ ಇದ್ದರೆ ನೀವು ಪುಣ್ಯವಂತರು, ಅಲ್ಲಿ ಎರಡು ಬ್ರಾಕೆಟ್ ಹಾಕಿ ದೋಣಿಯನ್ನು ಮಗ್ಗುಲಾಗಿ ಮಲಗಿಸಿದ್ರೆ ಗೋಡೆಯಿಂದ ಒಂದೂವರೆ ಅಡಿಗಿಂತ ಹೆಚ್ಚು ಮುಂದೆ ಬರುದಿಲ್ಲ, ಕಾರಿನ ಬಾಗಿಲೂ ತೆಗೀಬಹುದು.

ಬ್ರಾಕೆಟ್ ಎಲ್ಲಿಗೆ ಹಾಕ್ತೀರಿ ಅನ್ನುದು ಮುಖ್ಯ. ಈಗಿನ ಕಟ್ಟಡಗಳಲ್ಲಿ ಗೋಡೆ ಹೆಚ್ಚಾಗಿ ಟೊಳ್ಳು ಸಿಮೆಂಟ್ ಬ್ಲಾಕ್ ಇಲ್ಲಾಂದ್ರೆ ಒಳಗೆ ಗಾಳಿಗುಳ್ಳೆ ಇರುವ ಹಗುರದ ಎಎಸಿ ಬ್ಲಾಕ್, ಅದಕ್ಕೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ ಹಾಕಿದ್ರೆ ಹಿಡಿಯುದಿಲ್ಲ, ನಿಧಾನಕ್ಕೆ ಪುಡಿಪುಡಿಯಾಗಿ ಒಂದು ರಾತ್ರಿ ದೋಣಿ ಸಮೇತ ಕೆಳಗೆ ಬರ್ತದೆ. ಕಾಂಕ್ರೀಟ್ ಕಂಬಕ್ಕೇ ಹಾಕ್ಬೇಕು, ಅದಕ್ಕೂ ಸೊಸೈಟಿಯ ಅನುಮತಿ ಬೇಕು. ಮೇಲೆ ಸ್ಲ್ಯಾಬಿಗೆ ತೂಗು ಹಾಕುವ ಯೋಚನೆ ಇದ್ದರೆ ಅದು ಪೋಸ್ಟ್ ಟೆನ್ಷನ್ ಸ್ಲ್ಯಾಬಾ ಅಂತ ಬಿಲ್ಡರ್ ಹತ್ರ ಕೇಳದೆ ಡ್ರಿಲ್ ಮುಟ್ಟಿಸಬೇಡಿ, ಒಳಗೆ ಎಳೆದು ಕಟ್ಟಿದ ಉಕ್ಕಿನ ಹಗ್ಗ ಇರ್ತದೆ, ಅದಕ್ಕೆ ತಾಗಿದ್ರೆ ಇಡೀ ಕಟ್ಟಡಕ್ಕೇ ತೊಂದರೆ. ಬೇಸ್‌ಮೆಂಟಿನ ಸೀಲಿಂಗಲ್ಲಿ ಹೋಗುವ ಕೆಂಪು ಸ್ಪ್ರಿಂಕ್ಲರ್ ಪೈಪಿಗೆ ಹಗ್ಗ ಕಟ್ಟಿ ದೋಣಿ ನೇತಾಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ, ಅದು ಎಲ್ಲರ ಜೀವ ಉಳಿಸುವ ಪೈಪ್.

ಡ್ರಿಲ್ಲಿಗೆ ಅನುಮತಿ ಸಿಗ್ಲಿಲ್ಲ, ಇಲ್ಲಾಂದ್ರೆ ಬಾಡಿಗೆ ಮನೆ ಅಂತಾದ್ರೆ ಅಂಗಡಿಗಳ ರ‍್ಯಾಕಿಗೆ ಬಳಸುವ ತೂತಿನ ಕಬ್ಬಿಣದ ಆಂಗಲ್ ಬರ್ತದಲ್ಲ, ಅದರಲ್ಲಿ ಎರಡು ಸ್ಟ್ಯಾಂಡ್ ಮಾಡಿಸಿ. ವೆಲ್ಡಿಂಗ್ ಬೇಡ, ನಟ್ ಬೋಲ್ಟ್ ಸಾಕು, ಮನೆ ಬದಲಿಸುವಾಗ ಬಿಚ್ಚಿ ತಗೊಂಡು ಹೋಗಬಹುದು. ದೋಣಿ ಕೂರುವ ಜಾಗಕ್ಕೆ ಪೈಪಿನ ಮೇಲೆ ಹಾಕುವ ಕಪ್ಪು ಫೋಮ್ ಸುತ್ತಿ. ನೆಲದಿಂದ ಎರಡು ಅಡಿ ಮೇಲೆ ಇರ್ಲಿ, ನಮ್ಮ ಊರಿನ ಬೇಸ್‌ಮೆಂಟುಗಳಿಗೆ ಜೂನ್ ಜುಲೈಯಲ್ಲಿ ನೀರು ನುಗ್ಗುದು ಹೊಸ ವಿಷಯ ಅಲ್ಲ.

ಈಗ ದೋಣಿ ಹೇಗೆ ಕೂರ್ಬೇಕು ಅಂತ. ಈ ಪ್ಲಾಸ್ಟಿಕ್ ಕಯಾಕ್ ಮಾಡುದು ನಮ್ಮ ಟೆರೇಸಿನ ನೀರಿನ ಟ್ಯಾಂಕ್ ಮಾಡುವ ರೀತಿಯಲ್ಲೇ, ಪಾಲಿಥೀನ್ ಪುಡಿಯನ್ನು ಬಿಸಿ ಅಚ್ಚಿನೊಳಗೆ ತಿರುಗಿಸಿ ತಿರುಗಿಸಿ. ಗಟ್ಟಿ ವಸ್ತುವೇ, ಆದರೆ ಒಂದೇ ಕಡೆ ಭಾರ ಬಿದ್ದುಕೊಂಡು ತಿಂಗಳುಗಟ್ಟಲೆ ಇದ್ದರೆ, ಅದರಲ್ಲೂ ಸೆಕೆಯಲ್ಲಿ, ಮೆಲ್ಲ ಬಗ್ಗಿಬಿಡ್ತದೆ. ನಾನು ಮೊದಲ ವರ್ಷ ನನ್ನ ದೋಣಿಯನ್ನು ಎರಡು ತುದಿಯ ಹಿಡಿಕೆಗೆ ಹಗ್ಗ ಕಟ್ಟಿ ತೂಗುಹಾಕಿದ್ದೆ, ಹಿಡಿಕೆ ಇರುದೇ ಅದಕ್ಕೆ ಅಂತ ಅಂದ್ಕೊಂಡಿದ್ದೆ. ಮಳೆಗಾಲ ಮುಗಿದು ಅಕ್ಟೋಬರಲ್ಲಿ ಇಳಿಸಿ ನೋಡಿದ್ರೆ ನಡು ಜೋತುಬಿದ್ದು ಬಾಳೆಹಣ್ಣಿನ ಆಕಾರ ಆಗಿತ್ತು, ನೀರಲ್ಲಿ ನೇರ ಹೋಗ್ತಾನೇ ಇರ್ಲಿಲ್ಲ. ಬಿಸಿಲಿಗಿಟ್ಟು ಮೆತ್ತಗೆ ಮಾಡಿ ಒತ್ತಿ ಸ್ವಲ್ಪ ಸರಿ ಮಾಡಿದೆ, ಪೂರ್ತಿ ಸರಿ ಆಗ್ಲಿಲ್ಲ, ಆ ಬೇಸರ ನನಗೆ ಈಗಲೂ ಉಂಟು. ಆದ್ದರಿಂದ ಎರಡು ತುದಿಯಿಂದಲೂ ಎರಡೂವರೆ ಮೂರು ಅಡಿ ಒಳಗೆ ಆಧಾರ ಕೊಡಿ, ಹಗ್ಗ ಬೇಡ, ಲಾರಿಯವರು ಲೋಡ್ ಬಿಗಿಯುವ ಎರಡಿಂಚಿನ ಅಗಲ ಬೆಲ್ಟ್ ಬಳಸಿ, ದೋಣಿ ಮಗ್ಗುಲಾಗಿ ಅಥವಾ ಕವುಚಿ ಇರ್ಲಿ. ಹೊಟ್ಟೆಯ ಮೇಲೆ ಕೂರಿಸಿದ್ರೆ ತಳ ಒಳಗೆ ತಗ್ಗು ಬೀಳ್ತದೆ. ಟೈ ಮಾಡುವಾಗ ಜೋರು ಬಿಗಿಯಬೇಡಿ, ಅಲ್ಲಾಡದಷ್ಟು ಸಾಕು.

ಬಿಸಿಲು ತಾಗದ ಜಾಗ ಆಗ್ಬೇಕು. ಟೆರೇಸಿನ ಟ್ಯಾಂಕ್ ಕಪ್ಪು ಬಣ್ಣದ್ದು ಯಾಕೆ ಅಂದ್ರೆ ಅದಕ್ಕೆ ಸೇರಿಸಿದ ಇಂಗಾಲದ ಪುಡಿ ಬಿಸಿಲಿನ ನೇರಳಾತೀತ ಕಿರಣವನ್ನು ತಡೀತದೆ, ಹಳದಿ ಕೆಂಪು ಕಯಾಕಿಗೆ ಅಷ್ಟು ರಕ್ಷಣೆ ಇಲ್ಲ. ಬಣ್ಣ ಮಾಸಿ ಬಿಳಿಚಿದ ಹಾಗೆ ಆಯ್ತಂದ್ರೆ ಪ್ಲಾಸ್ಟಿಕ್ ಒಳಗೊಳಗೇ ಬಿರುಸಾಗ್ತಾ ಉಂಟು ಅಂತ ಅರ್ಥ. ನೀವು ತಗೊಳ್ಳುದು ಸೆಕೆಂಡ್ ಹ್ಯಾಂಡ್, ಅದನ್ನೂ ನೋಡ್ಕೊಳ್ಳಿ, ಸೀಟಿನ ಕೆಳಗೆ ಬಿಸಿಲು ಬೀಳದ ಕಡೆಯ ಬಣ್ಣಕ್ಕೂ ಮೇಲಿನ ಬಣ್ಣಕ್ಕೂ ತುಂಬ ವ್ಯತ್ಯಾಸ ಇದ್ದರೆ ಬೇಡ.

ನಿಮ್ಮ ಅತ್ತೆಯವರ ಚಿಂತೆಯಲ್ಲಿ ಸತ್ಯ ಉಂಟು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳೇ ಜೂನ್ 1ರಿಂದ ಜುಲೈ 31ರ ತನಕ 61 ದಿನ ದಡ ಸೇರಿರ್ತವೆ, ನಾವು ಕಯಾಕಿನವರು ಸೆಪ್ಟೆಂಬರ್ ಕಳೆಯುವ ತನಕ ಹೊಳೆಗೆ ಇಳಿಯಲೇಬಾರ್ದು. ಅಂದ್ರೆ ನಾಲ್ಕು ತಿಂಗಳು ದೋಣಿ ಸುಮ್ಮನೆ ಇರ್ತದೆ, ಅದೂ ಬಟ್ಟೆ ಒಣಗದ, ಬೆಲ್ಟಿಗೂ ಬೂಸ್ಟು ಹಿಡಿಯುವ ಕಾಲದಲ್ಲಿ. ಸಮುದ್ರ ಬದಿಯಲ್ಲಿ ಹಿಂದೆ ನಾಡದೋಣಿಗಳನ್ನು ದಿಣ್ಣೆಗೆ ಎಳೆದು, ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕಿ ಇಡ್ತಿದ್ದದ್ದನ್ನು ನೀವೂ ನೋಡಿರಬಹುದು. ಆ ಚಪ್ಪರದಲ್ಲಿ ಮಳೆ ನಿಲ್ತದೆ, ಗಾಳಿ ಆಡ್ತದೆ, ನಮಗೆ ಬೇಕಾದ್ದೂ ಅಷ್ಟೇ. ಮರದ ದೋಣಿಗೆ ಅವರು ಗೇರು ಎಣ್ಣೆ, ಮೀನೆಣ್ಣೆ ಹಚ್ತಾರೆ, ಅದನ್ನು ನೋಡಿ ಪ್ಲಾಸ್ಟಿಕ್ಕಿಗೆ ಏನೂ ಹಚ್ಚಲಿಕ್ಕೆ ಹೋಗ್ಬೇಡಿ.

ಮೇ ತಿಂಗಳ ಕೊನೆಯ ಟ್ರಿಪ್ ಆದ ಮೇಲೆ, ಮೊದಲ ಮಳೆಗೆ ಮುಂಚೆ, ದೋಣಿಯನ್ನು ಸಿಹಿನೀರಲ್ಲಿ ತೊಳೆದು ಒಂದಿಡೀ ದಿನ ನೆರಳಲ್ಲಿ ಒಣಗಿಸಿ. ಶಾಂಭವಿ, ನಂದಿನಿ ಹೊಳೆಗಳೆಲ್ಲ ಅಳಿವೆ ಹತ್ರ ಉಪ್ಪುನೀರೇ, ಆ ಉಪ್ಪು ಸ್ಕ್ರೂಗಳಲ್ಲಿ, ಸೀಟಿನ ಬಕಲ್ಲಲ್ಲಿ ಕೂತ್ರೆ ಮಳೆಗಾಲದ ತೇವ ಹೀರ್ಕೊಂಡು ತುಕ್ಕು ತರ್ತದೆ. ಹಿಂದಿನ ಡ್ರೈನ್ ಪ್ಲಗ್ ತೆಗೆದು ಒಳಗಿನ ನೀರು ಪೂರ್ತಿ ಇಳಿಸಿ, ಪ್ಲಗ್ ಕಳೆದುಹೋಗದ ಹಾಗೆ ಸೀಟಿಗೆ ಕಟ್ಟಿಡಿ. ಸಾಮಾನು ಇಡುವ ಗೂಡಿನ (ಹ್ಯಾಚ್) ಮುಚ್ಚಳ ಬಿಗಿಯಬೇಡಿ, ಸ್ವಲ್ಪ ತೆರೆದಿದ್ರೆ ಒಳಗೆ ಗಾಳಿ ಹೋಗ್ತದೆ, ಜಿರಳೆ, ಹುಳ ನುಗ್ಗದ ಹಾಗೆ ಒಂದು ಸೊಳ್ಳೆ ಜಾಲಿ ಎರಡು ಮಡಿಕೆ ಮಾಡಿ ಕಟ್ಟಿದ್ರೆ ಆಯ್ತು. ಪ್ಯಾಡಲ್ (ಹುಟ್ಟು) ಎರಡು ತುಂಡಿನದ್ದಾದ್ರೆ ಬಿಡಿಸಿಯೇ ಇಡಿ, ಜೋಡಿಸಿ ಇಟ್ಟರೆ ಉಪ್ಪು ಹಿಡಿದು ಅಕ್ಟೋಬರಲ್ಲಿ ಬಿಡಿಸ್ಲಿಕ್ಕೇ ಬರುದಿಲ್ಲ. ಲೈಫ್ ಜಾಕೆಟ್ ಮಾತ್ರ ಪಾರ್ಕಿಂಗಲ್ಲಿ ಬೇಡ, ಮನೆ ಒಳಗೆ ಹ್ಯಾಂಗರಿಗೆ ತೂಗುಹಾಕಿ, ಯಾವುದರದ್ದೋ ಅಡಿಗೆ ಹಾಕಿದ್ರೆ ಒಳಗಿನ ಫೋಮ್ ಚಪ್ಪಟೆಯಾಗಿ ತೇಲುವ ಶಕ್ತಿಯೇ ಕಮ್ಮಿ ಆಗ್ತದೆ. ತೊಳೆಯುದಕ್ಕೆ ಹೋಸ್ ಬೇಕಂತಿಲ್ಲ, ಎರಡು ಬಕೆಟ್ ನೀರು, ಒಂದು ಸ್ಪಂಜು ಸಾಕು. ಪಕ್ಕದವರ ಕಾರಿಗೆ ಉಪ್ಪುನೀರು ಹಾರಿಸ್ಬೇಡಿ, ಇಂಥ ಸಣ್ಣ ವಿಷಯದಲ್ಲೇ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ನಮ್ಮ ಹೆಸರು ಬರುದು.

ಒಟ್ಟಿನಲ್ಲಿ ಸ್ಲಾಟಿನ ಬದಿಗೆ ಕಂಬವೋ ಗೋಡೆಯೋ ಇದ್ದರೆ, ಅಸೋಸಿಯೇಷನ್ನಿಗೆ ಒಂದು ಚಿತ್ರ ಬಿಡಿಸಿ ಅಳತೆ ಬರೆದು ಪತ್ರ ಕೊಟ್ಟು ಒಪ್ಪಿಗೆ ಬರವಣಿಗೆಯಲ್ಲಿ ತಗೊಂಡು ಧೈರ್ಯವಾಗಿ ಖರೀದಿಸಿ. ಎರಡು ಕಾರಿನ ನಡುವಿನ ಸ್ಲಾಟ್ ಆದ್ರೆ ಈ ದೋಣಿ ನಿಮಗಲ್ಲ. ಆಗ ಹೊಳೆ ಬದಿ ಮನೆ ಇರುವ ನೆಂಟರು ಯಾರಾದ್ರೂ ಇದ್ದಾರಾ ನೋಡಿ, ಅವರ ಕೊಟ್ಟಿಗೆಯ ಮಾಡಿನ ಕೆಳಗೆ ಎರಡು ಬೆಲ್ಟಿನಷ್ಟು ಜಾಗ ಸಾಕು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ 7ನೇ ಫ್ಲೋರಲ್ಲಿ ಇರೋದು. ಗಾಳಿ ತುಂಬಿಸೋ ಇಬ್ಬರು ಕೂರೋ ಕಯಾಕ್ ತಗೊಂಡಿದ್ದೀನಿ. ಜನವರಿಯಲ್ಲಿ ಟ್ರಿಪ್ ಮುಗಿಸಿ ಬಂದು ಒರೆಸಿ ಮಡಚಿ ಬ್ಯಾಗಿಗೆ ಹಾಕಿ ಬೆಡ್‌ರೂಮ್ ಲಾಫ್ಟ್ ಮೇಲೆ ಇಟ್ಟೆ, ಮೂರು ತಿಂಗಳು ಬಿಟ್ಟು ತೆಗೆದ್ರೆ ಕೆಟ್ಟ ವಾಸನೆ, ಕಪ್ಪು ಕಪ್ಪು ಚುಕ್ಕೆ, ಮಡಿಕೆಗಳು ಅಂಟ್ಕೊಂಡಿವೆ. ಎಸೆಯೋದಾ?

ಉತ್ತರ: ಎಸೆಯಬೇಡಿ. ಚುಕ್ಕೆ ಬೂಸ್ಟಿನದ್ದು, ದೋಣಿಗೆ ತೂತು ಆಗಿಲ್ಲ. ಅಂಟಿದ ಮಡಿಕೆಯನ್ನು ಎಳೆದು ಬಿಡಿಸಬೇಡಿ, ಹಾಲಲ್ಲಿ ಫ್ಯಾನ್ ಕೆಳಗೆ ಹರಡಿ ಮೆಲ್ಲ ಸ್ವಲ್ಪ ಸ್ವಲ್ಪವೇ ಗಾಳಿ ತುಂಬಿಸ್ತಾ ಹೋಗಿ, ತಾನಾಗೇ ಬಿಡ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಮೆತ್ತಗಿನ ಬಟ್ಟೆಯಿಂದ ಒರೆಸಿ, ಮತ್ತೆ ಒಂದು ಪಾಲು ಬಿಳಿ ವಿನೆಗರಿಗೆ ಮೂರು ನಾಲ್ಕು ಪಾಲು ನೀರು ಬೆರೆಸಿ ಚುಕ್ಕೆಗಳ ಮೇಲೆ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬ್ಲೀಚು, ಥಿನ್ನರ್, ಸೀಮೆಎಣ್ಣೆ, ಪೆಟ್ರೋಲ್ ಯಾವುದೂ ಬೇಡ, ಪಿವಿಸಿಯ ಮೆದುತನವನ್ನೂ ಅಂಟನ್ನೂ ಅದು ತಿಂದುಬಿಡ್ತದೆ. ಕಲೆ ಪೂರ್ತಿ ಹೋಗದೇ ಇರಬಹುದು, ವಾಸನೆ ಹೋಗ್ತದೆ.

ತಪ್ಪಾದದ್ದು ಒಣಗಿಸುವಲ್ಲಿ. ಗಾಳಿ ದೋಣಿಯನ್ನು ಬರೇ ಒರೆಸಿದ್ರೆ ಸಾಲದು, ಟ್ಯೂಬಿಗೂ ತಳಕ್ಕೂ ನಡುವಿನ ಸಂದಿಯಲ್ಲಿ, ಬಟ್ಟೆ ಕವರ್ ಇದ್ದರೆ ಅದರೊಳಗೆ, ಒಂದು ಲೋಟದಷ್ಟು ನೀರು ಕೂತಿರ್ತದೆ. ನಾನು ನನ್ನದನ್ನು ಮನೆಗೆ ಬಂದ ತಕ್ಷಣ ಮುಕ್ಕಾಲು ಗಾಳಿ ತುಂಬಿಸಿ ಹಾಲಲ್ಲಿ ಮಗ್ಗುಲಾಗಿ ಸೋಫಾಕ್ಕೆ ಒರಗಿಸಿ ರಾತ್ರಿಯಿಡೀ ಫ್ಯಾನ್ ಹಾಕ್ತೇನೆ, ಬೆಳಿಗ್ಗೆ ಮಗ್ಗುಲು ಬದಲಿಸ್ತೇನೆ, ಸಂಜೆಗೆ ಸಂದಿಗೆಲ್ಲ ಹಳೆ ಬೈರಾಸು (ಟವೆಲ್) ತುರುಕಿ ನೋಡಿ ಒಣಗಿದ್ರೆ ಮಾತ್ರ ಮಡಚುದು. ಒಂದು ದಿನ ಹಾಲಿನಲ್ಲಿ ಜಾಗ ಇರುದಿಲ್ಲ, ಮನೆಯವರಿಗೆ ಮೊದಲೇ ಹೇಳಿ ಇಡ್ಬೇಕು, ಇದಕ್ಕೆ ಬೇರೆ ದಾರಿ ನನಗೆ ಸಿಕ್ಕಿಲ್ಲ. ಒಣಗ್ಲಿ ಅಂತ ಬಾಲ್ಕನಿಯ ಬಿಸಿಲಲ್ಲಿ ಗಟ್ಟಿ ಗಾಳಿ ತುಂಬಿಸಿ ಬಿಟ್ಟು ಆಫೀಸಿಗೆ ಹೋಗ್ಬೇಡಿ, ಮಧ್ಯಾಹ್ನ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಟ್ಟುಹೋಗ್ತದೆ.

ಒಣಗಿದ ಮೇಲೆ ಮಡಿಕೆ ಬೀಳುವ ಕಡೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಸಡಿಲವಾಗಿ ಸುತ್ತಿ, ವಾಲ್ವ್ ತೆರೆದೇ ಇಡಿ, ಪ್ರತಿ ಸಲ ಒಂದೇ ಗೆರೆಯಲ್ಲಿ ಮಡಚಬೇಡಿ. ಕಂಪನಿಯ ಬ್ಯಾಗ್ ಇಕ್ಕಟ್ಟು, ಮನೆಯಲ್ಲಿ ಇಡುವಾಗ ಹಳೆ ಹತ್ತಿ ಬೆಡ್‌ಶೀಟಲ್ಲಿ ಗಂಟು ಕಟ್ಟಿ ಮಂಚದ ಕೆಳಗೆ ಇಟ್ಟರೆ ಒಳ್ಳೇದು. ಮೇಲೆ ಬಿಸಿಲಿನ ಟೆರೇಸ್ ಇರುವ ಮನೆಯಾದ್ರೆ ಲಾಫ್ಟ್ ತುಂಬ ಕಾಯ್ತದೆ, ಮಂಚದ ಕೆಳಗೆ ತಂಪು. ತಿಂಡಿ ಚೂರು, ಮೀನಿನ ವಾಸನೆ ಉಳಿದ್ರೆ ಇಲಿ ಕಚ್ತದೆ, ಹಾಗಾಗಿ ಸೀಟಿನ ಜೇಬು ಒಮ್ಮೆ ಕೊಡವಿ. ನುಸಿಗುಳಿಗೆ ಹಾಕ್ಬೇಡಿ, ಅದು ಪ್ಲಾಸ್ಟಿಕ್ಕಿಗೆ ಅಂಟಿ ಕೆಡಿಸ್ತದೆ.

ಪ್ರಶ್ನೆ: ನಾವು ಟೊರಾಂಟೊದಲ್ಲಿ ಕಾಂಡೊ ಅಂದ್ರೆ ಇಲ್ಲಿನ ಫ್ಲ್ಯಾಟಲ್ಲಿ ಇದೀವಿ, ಊರು ಶಿವಮೊಗ್ಗ. ಬೇಸಿಗೆ ನಾಲ್ಕೈದು ತಿಂಗಳು ಕಯಾಕ್ ಮಾಡ್ಬೇಕು ಅಂತ ಆಸೆ. ಬಾಲ್ಕನಿಯಲ್ಲಿ ಏನೂ ಇಡೋ ಹಾಗಿಲ್ಲ ಅಂತ ರೂಲ್ಸ್. ಮಡಚೋ ಕಯಾಕ್ ಅಂತ ಬರತ್ತಲ್ಲ, ಅದು ನಿಜವಾಗ್ಲೂ ಕೆಲಸಕ್ಕೆ ಬರತ್ತಾ ಇಲ್ಲ ಆಟಿಕೆನಾ?

ಉತ್ತರ: ಆಟಿಕೆ ಅಲ್ಲವೇ ಅಲ್ಲ. ಮ್ಯೂನಿಕ್‌ನಲ್ಲಿ ಆರ್ಕಿಟೆಕ್ಚರ್ ಓದ್ತಿದ್ದ ಆಲ್ಫ್ರೆಡ್ ಹಾಯ್ರಿಖ್ ಅನ್ನುವವರು 1905ರಲ್ಲೇ ಮರದ ಪಟ್ಟಿ, ಕ್ಯಾನ್ವಾಸ್ ಬಳಸಿ ಮಡಚುವ ದೋಣಿ ಮಾಡಿ ಇಸಾರ್ ನದಿಯಲ್ಲಿ ಇಳಿಸಿದ್ರು. ಅದರ ಹಕ್ಕು ತಗೊಂಡು ಮಾರ್ಲಿಕ್ಕೆ ಶುರು ಮಾಡಿದ್ದು ಯೋಹಾನ್ ಕ್ಲೆಪ್ಪರ್ ಎಂಬ ದರ್ಜಿ. ಪಟ್ಟಣದ ಸಣ್ಣ ಮನೆಗಳಲ್ಲಿ ಇದ್ದ ಜರ್ಮನಿಯ ಜನ ದೋಣಿಯನ್ನು ಚೀಲದಲ್ಲಿ ಹಾಕಿ ರೈಲು ಹತ್ತಿ ಹೊಳೆಗೆ ಹೋಗ್ತಿದ್ರು, ಅಂದ್ರೆ ನಿಮ್ಮ ಸಮಸ್ಯೆಗೆ ನೂರಕ್ಕೂ ಹೆಚ್ಚು ವರ್ಷದ ಉತ್ತರ ಉಂಟು. 1956ರಲ್ಲಿ ಹಾನೆಸ್ ಲಿಂಡೆಮನ್ ಅನ್ನುವ ಡಾಕ್ಟರ್ ಒಬ್ಬರೇ ಅಂಥ ಕ್ಲೆಪ್ಪರ್ ದೋಣಿಯಲ್ಲಿ 72 ದಿನದಲ್ಲಿ ಅಟ್ಲಾಂಟಿಕ್ ದಾಟಿದ್ರು.

ನೀವು ಹೇಳುದು ಬಹುಶಃ ಈಗಿನ ಓರು (Oru) ಅನ್ನುವ ಕಂಪನಿಯ ಮಡಚುವ ಕಯಾಕ್ ತರದ್ದು. ಅದರ ಕಥೆ ಕೇಳಿದ್ರೆ ನಿಮ್ಮದೇ ಅನ್ನಿಸ್ತದೆ, ಆಂಟನ್ ವಿಲ್ಲಿಸ್ ಎಂಬ ಆರ್ಕಿಟೆಕ್ಟ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಣ್ಣ ಅಪಾರ್ಟ್‌ಮೆಂಟಿಗೆ ಹೋದಾಗ ತನ್ನ ಫೈಬರ್ ಕಯಾಕ್ ಇಡ್ಲಿಕ್ಕೆ ಜಾಗ ಇಲ್ಲದೆ, ಕಾಗದ ಮಡಚುವ ಒರಿಗಾಮಿಯ ದಾರಿ ಹಿಡಿದು ಪ್ಲಾಸ್ಟಿಕ್ ಹಾಳೆಯ ದೋಣಿ ಮಾಡಿದ್ರು, 2012ರಲ್ಲಿ ಜನರಿಂದಲೇ ದುಡ್ಡು ಸೇರಿಸಿ ಕಂಪನಿ ಶುರುವಾಯ್ತು. 12 ಅಡಿಯ ದೋಣಿ ಸುಮಾರು 12 ಕೆಜಿ, ಮಡಚಿದ್ರೆ ದೊಡ್ಡ ಸೂಟ್‌ಕೇಸಿನಷ್ಟು, ಬಟ್ಟೆ ಕಪಾಟಿನ ಒಳಗೆ ನಿಲ್ತದೆ. ಬೆಲೆ ಜಾಸ್ತಿ, ಕಲ್ಲು ಬಂಡೆ ಇರುವ ರಭಸದ ನೀರಿಗೆ ಆಗುದಿಲ್ಲ, ಕೆರೆ ಸರೋವರಕ್ಕೆ ಚಂದ. ಮೊದಲ ನಾಲ್ಕೈದು ಸಲ ಮಡಚುವಾಗ ಬೆರಳು ನೋಯ್ತದೆ.

ಗಟ್ಟಿ ಕಯಾಕೇ ಬೇಕಂದ್ರೆ ನಿಮ್ಮ ಕಡೆ ನೀರಿನ ಬದಿಯ ಕ್ಲಬ್ಬುಗಳು ಸೀಸನ್ ಲೆಕ್ಕದಲ್ಲಿ ರ‍್ಯಾಕ್ ಬಾಡಿಗೆಗೆ ಕೊಡ್ತವೆ, ಚಳಿಗಾಲ ಮುಗಿಯುವ ಮೊದಲೇ ಕೇಳಿಡಿ. ಚಳಿಗೆ ಹೊರಗೆ ಇಡುದಾದ್ರೆ ಒಳಗೆ ಒಂದು ಹನಿ ನೀರು ಬಿಡ್ಬೇಡಿ, ಹಿಮಗಟ್ಟಿ ಹಿಗ್ಗಿ ಸೀಳಿಬಿಡ್ತದೆ. ಕಯಾಕ್ ಹುಟ್ಟಿದ್ದೇ ಉತ್ತರ ಧ್ರುವದ ಬದಿಯ ಇನ್ಯೂಟ್ ಜನರ ಕೈಯಲ್ಲಿ, ಅವರು ಸೀಲ್ ಚರ್ಮದ ದೋಣಿಯನ್ನು ನಾಯಿಗಳು ತಿನ್ನದ ಹಾಗೆ ಎತ್ತರದ ಅಟ್ಟಣಿಗೆಯ ಮೇಲೆ ಇಡ್ತಿದ್ರು, ಅದು ಓದಿದಾಗಿಂದ ನನಗೆ ಪಾರ್ಕಿಂಗಿನ ನನ್ನ ಸ್ಟ್ಯಾಂಡಿನ ಮೇಲೆ ವಿಶೇಷ ಪ್ರೀತಿ.

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಆರೇ ಮನೆಯ ಸಣ್ಣ ಅಪಾರ್ಟ್‌ಮೆಂಟ್. ಟೆರೇಸಲ್ಲಿ ಫೈಬರ್ ಕಯಾಕ್ ಇಡ್ಲಿಕ್ಕೆ ಎಲ್ಲರೂ ಒಪ್ಪಿದ್ದಾರೆ. ನೀಲಿ ಟಾರ್ಪಾಲ್ ಸುತ್ತಿ ಇಟ್ಟರೆ ಸಾಕಾ?

ಉತ್ತರ: ಎಲ್ಲರೂ ಒಪ್ಪಿದ್ದಾರಲ್ಲ, ದೊಡ್ಡ ಕೆಲಸ ಮುಗಿಯಿತು. ಆದರೆ ಟಾರ್ಪಾಲ್ ಮೈಗೆ ಸುತ್ತಬೇಡಿ. ಒಳಗೆ ಬೆವರು ಹಿಡಿದು ಫೈಬರಿನ ಮೇಲ್ಪದರ ಗುಳ್ಳೆ ಏಳ್ತದೆ. ದೋಣಿಯನ್ನು ಎರಡು ಹಳೆ ಟಯರಿನ ಮೇಲೆ ಕವುಚಿ ಹಾಕಿ, ಮೇಲೆ ಉದ್ದಕ್ಕೆ ಒಂದು ಬಿದಿರು ಕಟ್ಟಿ, ಟಾರ್ಪಾಲನ್ನು ಅದರ ಮೇಲೆ ಗುಡಾರದ ಹಾಗೆ ಇಳಿಬಿಡಿ, ಎರಡು ತುದಿ ತೆರೆದಿರ್ಲಿ. ಇಡುವ ಮೊದಲು ಒಂದು ಕೋಟು ವ್ಯಾಕ್ಸ್ ಹಚ್ಚಿದ್ರೆ ಬಣ್ಣ ಉಳೀತದೆ. ಜೂನಿನ ಗಾಳಿಗೆ ಇಡೀ ದೋಣಿ ಹಾರಿ ಕೆಳಗಿನ ರಸ್ತೆಗೆ ಬಿದ್ದರೆ ಜೀವ ಹೋಗ್ತದೆ, ಹಾಗಾಗಿ ಪ್ಯಾರಪೆಟ್ಟಿನ ಕಾಂಕ್ರೀಟಿಗೆ ಕೊಕ್ಕೆ ಹಾಕಿಸಿ ಎರಡು ಕಡೆ ಬೆಲ್ಟಲ್ಲಿ ಕಟ್ಟಿ, ಸೋಲಾರ್ ಪೈಪಿಗೆ, ಸಿಡಿಲಿನ ಕಂಬಿಗೆ ಕಟ್ಟಬೇಡಿ. ಟಯರಿನ ಒಳಗೆ ನೀರು ನಿಂತ್ರೆ ಸೊಳ್ಳೆ ಮೊಟ್ಟೆ ಇಡ್ತದೆ, ನಮ್ಮ ಕಡೆ ಡೆಂಗ್ಯೂ ಮಲೇರಿಯಾ ಹೇಗೆ ಅಂತ ನಿಮಗೂ ಗೊತ್ತುಂಟು, ಕೆಳಭಾಗಕ್ಕೆ ನಾಲ್ಕು ಕಡೆ ತೂತು ಹೊಡೆದೇ ಇಡಿ. ಮತ್ತೆ ಮೊದಲ ದೊಡ್ಡ ಮಳೆ ಬಂದ ದಿನ ಒಮ್ಮೆ ಮೇಲೆ ಹತ್ತಿ, ಟೆರೇಸಿನ ನೀರು ಹೋಗುವ ಪೈಪಿನ ಬಾಯಿಗೆ ಟಾರ್ಪಾಲಿನ ಮೂಲೆ ಬಿದ್ದಿಲ್ಲ ಅಂತ ನೋಡಿ ಬನ್ನಿ.